ಗುಡ್ಡದ ಏಕಾಂತ, ಊರಿನ ಕೂಟ: ಮೇಲುಕೋಟೆ–ನಾಗಮಂಗಲ ಸೀಮೆಯಲ್ಲಿ ಸಾಮೂಹಿಕ ಧ್ಯಾನದ ಚರಿತ್ರೆ

ಧ್ಯಾನದ ಚರಿತ್ರೆಯನ್ನು ಸಾಮಾನ್ಯವಾಗಿ ಏಕಾಂತವಾಸಿಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಗವಿ, ಗುಡ್ಡ, ಹೊಳೆಯ ದಂಡೆ ಮತ್ತು ಅಲ್ಲಿ ಒಬ್ಬನೇ ಕುಳಿತ ಯೋಗಿ ಅದರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿಯೂ ಇಂಥ ತಾಣಗಳಿಗೆ ಕೊರತೆಯಿಲ್ಲ. ಆದರೆ ಹಿಂದೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿದ್ದ ಪಾಂಡವಪುರದಿಂದ ಹಿಡಿದು, ಅತ್ತಿಕುಪ್ಪೆ ಎಂಬ ಹೆಸರಿದ್ದ ಕೃಷ್ಣರಾಜಪೇಟೆಯವರೆಗೆ ಈ ಸೀಮೆಯಲ್ಲಿ ಉಳಿದಿರುವ ಬಸದಿ, ದೇವಾಲಯ, ಮಠ, ಭಜನೆಮನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಚರಿತ್ರೆ ಕಾಣುತ್ತದೆ. ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವನ್ನು ಇಲ್ಲಿ ಮನೆವಾರ್ತೆಯುಳ್ಳ ಜನ ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ ಕೂಡಿ ನಡೆಸಿದ್ದಾರೆ. ಗುರು ಕಾಲವಾದ ಮೇಲೂ ಆ ಅಭ್ಯಾಸ ಉಳಿಯುವಂತೆ ಮಾಡಿದ್ದು ಈ ಕೂಟಗಳೇ.

ಇದರ ಹಳೆಯ ಕುರುಹುಗಳು ಜೈನರವು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹೋಬಳಿಗೆ ಸೇರಿದ ಕಂಬದಹಳ್ಳಿಯಲ್ಲಿ, ಊರಿಗೆ ಹೆಸರು ಕೊಟ್ಟ ಎತ್ತರದ ಕಲ್ಲುಕಂಬದ ಬಳಿ, ಗಂಗರ ಕಾಲದ ಪಂಚಕೂಟ ಬಸದಿ ಇದೆ. ಐದು ಗರ್ಭಗುಡಿಗಳ ಈ ಕಟ್ಟಡಸಮೂಹಕ್ಕೆ ಆದಿನಾಥನೇ ಮುಖ್ಯ ದೈವ. ಹೊಯ್ಸಳರ ಕಾಲಕ್ಕೆ ಇದರ ಪಕ್ಕದಲ್ಲಿ ಶಾಂತಿನಾಥ ಬಸದಿಯೂ ಬೆಳೆಯಿತು. ಇಲ್ಲಿಂದ ಹೆಚ್ಚು ದೂರವಿಲ್ಲದ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಗೆ ಮಾಡಿಸಿದ 58 ಅಡಿಯ ಗೊಮ್ಮಟ ನಿಂತಿರುವ ಭಂಗಿಯನ್ನು ಜೈನರು ಕಾಯೋತ್ಸರ್ಗ ಎನ್ನುತ್ತಾರೆ. ದೇಹದ ಮೇಲಿನ ಮಮಕಾರವನ್ನು ಬಿಟ್ಟು, ತೋಳುಗಳನ್ನು ಇಳಿಬಿಟ್ಟು, ಅಲುಗಾಡದೆ ನಿಲ್ಲುವುದು ಅದರ ಲಕ್ಷಣ.

ಶಿಲ್ಪದಲ್ಲಿ ಬೆರಗು ಹುಟ್ಟಿಸುವ ಈ ನಿಲುವು ನಿತ್ಯದ ಆಚರಣೆಯಲ್ಲಿ ಶ್ರಾವಕರಿಗೂ, ಅಂದರೆ ಸಂಸಾರಸ್ಥರಾದ ಜೈನರಿಗೂ, ವಿಧಿಸಲಾದ ಆರು ಆವಶ್ಯಕಗಳಲ್ಲಿ ಒಂದಾಗಿತ್ತು. ಅದೇ ಪಟ್ಟಿಯಲ್ಲಿ ಮೊದಲು ಬರುವ ಸಾಮಾಯಿಕವೆಂದರೆ ರಾಗದ್ವೇಷಗಳನ್ನು ತಡೆದು ಸಮಭಾವದಲ್ಲಿ ಇರುವ ವ್ರತ. ಅದರ ಅವಧಿ ಒಂದು ಮುಹೂರ್ತ, ಎಂದರೆ ಎರಡು ಗಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ. ಆ ಹೊತ್ತು ಮುಗಿಯುವವರೆಗೆ ಗೃಹಸ್ಥನೂ ಮುನಿಯಂತೆಯೇ ಎಂದು ಶಾಸ್ತ್ರ ಭಾವಿಸುತ್ತದೆ. ಸಾಮಾಯಿಕವನ್ನು ಮನೆಯಲ್ಲಿ ಒಬ್ಬರೇ ಮಾಡಬಹುದಾದರೂ, ಅಷ್ಟಮಿ, ಚತುರ್ದಶಿ ಮತ್ತು ಪರ್ವದ ದಿನಗಳಲ್ಲಿ ಬಸದಿಯಲ್ಲಿ ಮುನಿಗಳ ಸನ್ನಿಧಿಯಲ್ಲಿ ಕೂಡಿ ಮಾಡುವುದಕ್ಕೆ ವಿಶೇಷ ಮನ್ನಣೆಯಿತ್ತು. ಇಂಥ ಕೂಟಕ್ಕೆ ಹಣದ ಆಸರೆಯೂ ಬೇಕಾಗಿತ್ತು. ಕರ್ನಾಟಕದ ಜೈನ ದಾನಶಾಸನಗಳಲ್ಲಿ ಪೂಜೆ ಮತ್ತು ಬಸದಿಯ ಜೀರ್ಣೋದ್ಧಾರದ ಜೊತೆಗೆ ಋಷಿಯರ ಆಹಾರದಾನವೂ ಮತ್ತೆ ಮತ್ತೆ ಬರುವುದು ಇದಕ್ಕಾಗಿಯೇ: ಭೂಮಿಯ ಹುಟ್ಟುವಳಿ ಮುನಿಗಳ ಊಟಕ್ಕೆ ಒದಗಿದರೆ ಮುನಿಗಳು ಊರಿನ ಬಳಿ ತಂಗುತ್ತಿದ್ದರು, ಮುನಿಗಳು ತಂಗಿದ್ದರೆ ಶ್ರಾವಕರ ವ್ರತ ಕೆಡದೆ ಸಾಗುತ್ತಿತ್ತು.

ಹನ್ನೆರಡನೆಯ ಶತಮಾನದ ಹೊತ್ತಿಗೆ ಈ ಸೀಮೆಯಲ್ಲಿ ಶ್ರೀವೈಷ್ಣವ ಧರ್ಮ ಬೇರೂರಿತು. ತಮಿಳುನಾಡಿನಿಂದ ಹೊಯ್ಸಳ ರಾಜ್ಯಕ್ಕೆ ಬಂದ ರಾಮಾನುಜಾಚಾರ್ಯರು ಈಗಿನ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಮತ್ತು ಮೇಲುಕೋಟೆಗಳಲ್ಲಿ ನೆಲೆಸಿದ್ದರೆಂದೂ, ವಿಷ್ಣುವರ್ಧನನು ಕಾವೇರಿಯ ಇಕ್ಕೆಲದ ಎಂಟು ಹಳ್ಳಿಗಳನ್ನು ಅವರಿಗೆ ಬಿಟ್ಟುಕೊಟ್ಟಿದ್ದರಿಂದ ಶ್ರೀರಂಗಪಟ್ಟಣದ ಸುತ್ತಿನ ನಾಡಿಗೆ ಅಷ್ಟಗ್ರಾಮ ಎಂಬ ಹೆಸರು ಬಂತೆಂದೂ ಪ್ರತೀತಿ ಇದೆ. ರಾಮಾನುಜರು ಶ್ರೀಭಾಷ್ಯದಲ್ಲಿ ಧ್ಯಾನವನ್ನು ಎಣ್ಣೆಯ ಧಾರೆಯ ಹಾಗೆ ಕಡಿಯದೆ ಹರಿಯುವ ಸ್ಮರಣೆ ಎಂದು ನಿರೂಪಿಸಿದ್ದಾರೆ. ಕಡಿಯದ ಸ್ಮರಣೆಯನ್ನು ಒಬ್ಬನ ಮನಸ್ಸು ತಾನಾಗಿ ಬಹುಕಾಲ ಕಾಯ್ದುಕೊಳ್ಳುವುದು ಕಷ್ಟ. ಈ ಕಷ್ಟಕ್ಕೆ ಶ್ರೀವೈಷ್ಣವ ದೇವಾಲಯಗಳು ಕಂಡುಕೊಂಡ ಪರಿಹಾರವೇ ಗೋಷ್ಠಿ.

ಗೋಷ್ಠಿ ಎಂದರೆ ಆಳ್ವಾರರ ನಾಲ್ಕು ಸಾವಿರ ತಮಿಳು ಪಾಶುರಗಳ ಸಂಗ್ರಹವಾದ ದಿವ್ಯಪ್ರಬಂಧವನ್ನು ಸನ್ನಿಧಿಯಲ್ಲಿ ಸಾಲಾಗಿ ಕೂತು ಅಥವಾ ನಿಂತು ಒಂದೇ ದನಿಯಲ್ಲಿ ಪಾರಾಯಣ ಮಾಡುವ ಅಧ್ಯಾಪಕರ ಕೂಟ. ಹಿರಿಯರೊಬ್ಬರು ಪಾಶುರದ ಮೊದಲ ತುಣುಕನ್ನು ಎತ್ತಿಕೊಡುತ್ತಾರೆ, ಉಳಿದವರು ಅಲ್ಲಿಂದ ಸೇರಿಕೊಳ್ಳುತ್ತಾರೆ. ಒಬ್ಬರ ಉಸಿರು ನಿಂತ ಕಡೆ ಇನ್ನೊಬ್ಬರ ದನಿ ನಡೆದಿರುವುದರಿಂದ ಪಾಠ ಎಲ್ಲಿಯೂ ತುಂಡಾಗುವುದಿಲ್ಲ. ಉತ್ಸವದ ಮೆರವಣಿಗೆಯಲ್ಲಿ ಪ್ರಬಂಧದ ಗೋಷ್ಠಿ ದೇವರ ಮುಂದೆ, ವೇದಪಾರಾಯಣದ ಗೋಷ್ಠಿ ದೇವರ ಹಿಂದೆ ನಡೆಯುತ್ತದೆ. ಧನುರ್ಮಾಸದಲ್ಲಿ ಬೆಳಗಿನ ಜಾವ ತಿರುಪ್ಪಾವೈಯ ಮೂವತ್ತು ಪಾಶುರಗಳನ್ನು ದಿನಕ್ಕೊಂದರಂತೆ ಅನುಸಂಧಾನ ಮಾಡುವುದೂ, ವೈಕುಂಠ ಏಕಾದಶಿಯ ಹಿಂದುಮುಂದಿನ ಅಧ್ಯಯನೋತ್ಸವದಲ್ಲಿ ಹತ್ತು ಹಗಲು ಮತ್ತು ಹತ್ತು ಇರುಳು ಪಾರಾಯಣ ನಡೆಸಿ ಶಾತ್ತುಮೊರೈ ಎಂಬ ಸಮಾಪ್ತಿಯೊಂದಿಗೆ ತೀರ್ಥಪ್ರಸಾದ ಹಂಚುವುದೂ ಇದೇ ಕ್ರಮದ ವಿಸ್ತರಣೆ. ಮೇಲುಕೋಟೆಯ ಬೆಟ್ಟದ ತುದಿಯಲ್ಲಿ ಮೊಣಕಾಲುಗಳಿಗೆ ಯೋಗಪಟ್ಟಿ ಬಿಗಿದು ಕುಳಿತ ಯೋಗಾನರಸಿಂಹ ಏಕಾಂತ ಧ್ಯಾನದ ಮೂರ್ತಿಯಾದರೆ, ಬೆಟ್ಟದ ಬುಡದ ಚೆಲುವನಾರಾಯಣಸ್ವಾಮಿ ದೇವಾಲಯ ಆ ಧ್ಯಾನವನ್ನು ಊರಿನ ದಿನಚರಿಯಾಗಿಸಿದ ಗೋಷ್ಠಿಯ ನೆಲೆ.

ಗೋಷ್ಠಿಗೆ ಅದರದೇ ಗಡಿಗಳೂ ಇದ್ದವು. ಪಾರಾಯಣದ ಹಕ್ಕು ವಂಶ ಮತ್ತು ಸಂಪ್ರದಾಯಗಳಿಗೆ ಕಟ್ಟುಬಿದ್ದಿತ್ತು. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ದೆಹಲಿಯಿಂದ ತರುವಾಗ ನೆರವಾದ ಅಸ್ಪೃಶ್ಯ ಸಮುದಾಯವನ್ನು ರಾಮಾನುಜರು ತಿರುಕುಲದವರು ಎಂದು ಗೌರವಿಸಿದರೆಂದು ಸ್ಥಳಪುರಾಣ ಹೇಳುತ್ತದೆ. ಆದರೆ ಆ ಗೌರವ ಆಚರಣೆಯಲ್ಲಿ ವರ್ಷದ ಕೆಲವೇ ದಿನಗಳ ದೇವಾಲಯ ಪ್ರವೇಶವಾಗಿ ಶತಮಾನಗಳ ಕಾಲ ಉಳಿಯಿತು. ಉಳಿದ ದಿನಗಳಲ್ಲಿ ಅವರಿಗೆ ಸ್ಮರಣೆಯಲ್ಲಿ ಪಾಲಿತ್ತು, ಸನ್ನಿಧಿಯಲ್ಲಿ ಇರಲಿಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿಯ ಗವಿಮಠ ಇನ್ನೊಂದು ಮಾರ್ಗದ ನೆಲೆ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಗೆ ಸೇರಿದ ಸ್ವತಂತ್ರ ಸಿದ್ಧಲಿಂಗೇಶ್ವರರು ಇಲ್ಲಿನ ಗಜರಾಜಗಿರಿಯಲ್ಲಿ ನೆಲೆಸಿದ್ದರು. ಹನ್ನೆರಡನೆಯ ಶತಮಾನದ ಶರಣರ ನಂತರ ಸೊರಗಿದ್ದ ವಚನರಚನೆಯನ್ನು ಮತ್ತೆ ಚಿಗುರಿಸಿದವರಲ್ಲಿ ಅವರೂ ಒಬ್ಬರು. ಈ ಮಾರ್ಗದಲ್ಲಿ ಧ್ಯಾನಕ್ಕೆ ಗುಡಿ ಬೇಕಿಲ್ಲ. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ಅದರ ಕಪ್ಪು ಕಂತಿಯ ಮೇಲೆ ಮೂಡುವ ದೀಪದ ಬೆಳಕಿನ ಬಿಂದುವಿನಲ್ಲಿ ದೃಷ್ಟಿ ನೆಟ್ಟು ಕೂರುವುದೇ ಶಿವಯೋಗದ ಮೊದಲ ಮೆಟ್ಟಿಲು. ಅಷ್ಟು ಖಾಸಗಿಯಾದ ಈ ಸಾಧನೆಯನ್ನೂ ಶರಣರು ಅನುಭಾವಗೋಷ್ಠಿಯ ಜೊತೆ ಹೊಂದಿಸಿದರು: ಒಳಗೆ ಕಂಡದ್ದನ್ನು ಸಂಗಾತಿಗಳ ಮುಂದೆ ಆಡಿ ತೂಗಿ ನೋಡುವುದು ಅಲ್ಲಿ ಸಾಧನೆಯ ಭಾಗವೇ ಆಗಿತ್ತು. ವಚನವೆಂಬ ಸಾಹಿತ್ಯಪ್ರಕಾರ ಬೆಳೆದದ್ದೂ ಇಂಥ ಮಾತುಕತೆಯ ನೆಲದಲ್ಲಿ. ಇಂದು ಮಠಗಳಲ್ಲಿ ನಡೆಯುವ ಸಾಮೂಹಿಕ ಇಷ್ಟಲಿಂಗ ಪೂಜೆಯಲ್ಲಿ ನೂರಾರು ಜನ ಒಂದೇ ಹೊತ್ತಿಗೆ ತಮ್ಮ ತಮ್ಮ ಅಂಗೈಯನ್ನು ನೋಡುತ್ತ ಕೂರುತ್ತಾರೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಸಮೀಪದ ಆದಿಚುಂಚನಗಿರಿ ನಾಥಪಂಥದ ಪೀಠ. ಮತ್ಸ್ಯೇಂದ್ರನಾಥ ಮತ್ತು ಗೋರಖನಾಥರನ್ನು ಆದಿಗುರುಗಳೆಂದು ಎಣಿಸುವ ಈ ಪಂಥದಲ್ಲಿ ಉಸಿರಾಟವೇ ಜಪ. ದಿನಕ್ಕೆ 21,600 ಬಾರಿ ತಾನೇ ನಡೆಯುವ ಶ್ವಾಸದಲ್ಲಿ ‘ಸೋಹಂ’ ಎಂಬ ನಾದವನ್ನು ಗಮನಿಸುವುದನ್ನು ಅಜಪಾಜಪ, ಎಂದರೆ ಬಾಯಿಂದ ಜಪಿಸದೆಯೇ ನಡೆಯುವ ಜಪ, ಎನ್ನುತ್ತಾರೆ. ನಿಮಿಷಕ್ಕೆ ಹದಿನೈದು ಉಸಿರಿನಂತೆ ಎಣಿಸಿದರೆ ಈ ಲೆಕ್ಕ ಸರಿಹೊಂದುತ್ತದೆ. ಇಂಥ ಸೂಕ್ಷ್ಮ ಯೋಗವನ್ನು ಒಕ್ಕಲುಮಕ್ಕಳ ಬದುಕಿಗೆ ತಲುಪಿಸಿದವರು ಕಿನ್ನರಿ ಹಿಡಿದು ಊರೂರು ಸುತ್ತಿದ ಜೋಗಿಗಳು ಮತ್ತು ಬೆಟ್ಟದ ಭೈರವನಿಗೆ ನಡೆದುಕೊಳ್ಳುವ ಕುಲಗಳು. ಅಮಾವಾಸ್ಯೆಯ ದಿನ ಬೆಟ್ಟಕ್ಕೆ ಬರುವ ಜನರಿಗೆ ಕಾಲಭೈರವನ ದರ್ಶನ, ಗುರುಪೀಠಕ್ಕೆ ನಮಸ್ಕಾರ ಮತ್ತು ದಾಸೋಹದ ಊಟ ಮೂರೂ ಒಂದೇ ಯಾತ್ರೆಯ ಅಂಗಗಳು. 1974ರಲ್ಲಿ ಪೀಠವೇರಿದ 71ನೆಯ ಪೀಠಾಧಿಪತಿ ಬಾಲಗಂಗಾಧರನಾಥ ಸ್ವಾಮೀಜಿ ಅವರು 2013ರವರೆಗಿನ ತಮ್ಮ ಅವಧಿಯಲ್ಲಿ ಮಠವನ್ನು ಶಾಲೆ, ಕಾಲೇಜು, ಆಸ್ಪತ್ರೆಗಳ ದೊಡ್ಡ ಸಂಸ್ಥೆಯಾಗಿ ಬೆಳೆಸಿದ್ದರಿಂದ, ಯೋಗಿಗಳ ಗವಿಯಾಗಿದ್ದ ಬೆಟ್ಟ ಸಾರ್ವಜನಿಕ ಜೀವನದ ಕೇಂದ್ರವೂ ಆಯಿತು.

ಮಠ ಮತ್ತು ದೇವಾಲಯಗಳ ಹೊರಗೆ, ಹಳ್ಳಿಯ ರಾಮಮಂದಿರ ಅಥವಾ ಭಜನೆಮನೆಯಲ್ಲಿ ಸೇರುವ ಕೂಟಗಳ ಚರಿತ್ರೆಗೆ ಶಾಸನಗಳಿಲ್ಲ. ಆದರೂ ಜನರ ನಿತ್ಯಜೀವನಕ್ಕೆ ಅತ್ಯಂತ ಹತ್ತಿರವಾಗಿದ್ದವು ಅವೇ. ಹಳೆಯ ಮೈಸೂರು ಸೀಮೆಯಲ್ಲಿ ಶನಿವಾರದ ರಾತ್ರಿ, ಏಕಾದಶಿ ಮತ್ತು ಧನುರ್ಮಾಸದ ಮುಂಜಾವುಗಳಲ್ಲಿ ಹಾರ್ಮೋನಿಯಂ, ತಾಳ, ದಮ್ಮಡಿಗಳೊಂದಿಗೆ ನಡೆಯುವ ಭಜನೆಯಲ್ಲಿ ದಾಸರ ಪದಗಳ ಜೊತೆಗೆ ತತ್ವಪದಗಳೂ ಸೇರಿಕೊಂಡವು. ತತ್ವಪದವೆಂದರೆ ದೇಹ, ಉಸಿರು, ಮನಸ್ಸುಗಳ ರಹಸ್ಯವನ್ನು ಬೆಡಗಿನ ಮಾತಿನಲ್ಲಿ ಹೇಳುವ ಹಾಡು. ಅದನ್ನು ಗುರುವಿನಿಂದ ಉಪದೇಶ ಪಡೆದವರು ಏಕತಾರಿ ಮೀಟುತ್ತ ಹಾಡುತ್ತಾರೆ. ಅವಧೂತ, ಆರೂಢ ಮತ್ತು ಅಚಲ ಪರಂಪರೆಗಳಿಗೆ ಸೇರಿದ ಈ ಗುರುಗಳಲ್ಲಿ ಹಲವರು ಕೃಷಿಕರು, ಕುಶಲಕರ್ಮಿಗಳು. ಇರುಳಿನ ಗುರುಪೂಜೆಯಲ್ಲಿ ಜಾತಿಯ ಭೇದ ಸಡಿಲಗೊಂಡು, ಹಗಲಿನಲ್ಲಿ ಒಟ್ಟಿಗೆ ಕೂರದವರೂ ಪದಕ್ಕೆ ದನಿಗೂಡಿಸಿ ಒಂದೇ ಕಡೆ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಗೋಷ್ಠಿಯ ಗಡಿಯನ್ನು ತತ್ವಪದಕಾರರು ವಾದದಿಂದ ಮುರಿಯಲು ಹೋಗಲಿಲ್ಲ. ತಮ್ಮದೇ ಬೇರೆ ಕೂಟ ಕಟ್ಟಿ ಅದನ್ನು ದಾಟಿದರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಮೂಹಿಕ ಧ್ಯಾನಕ್ಕೆ ದೈವ ಮತ್ತು ದೀಕ್ಷೆಗಳನ್ನು ಬದಿಗಿಟ್ಟ ರೂಪವೊಂದು ದೊರೆಯಿತು. ಬರ್ಮಾದಲ್ಲಿ ಊ ಬಾ ಖಿನ್ ಅವರಿಂದ ವಿಪಶ್ಯನವನ್ನು ಕಲಿತ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನಗಳ ಮೌನ ಶಿಬಿರಗಳನ್ನು ಆರಂಭಿಸಿದರು. ಉಸಿರನ್ನೂ ಮೈಯ ಸಂವೇದನೆಗಳನ್ನೂ ಇದ್ದ ಹಾಗೆ ಗಮನಿಸುವ ಈ ಬೌದ್ಧ ಪದ್ಧತಿಯಲ್ಲಿ, ಶಿಬಿರದ ಪ್ರತಿದಿನವೂ ಮೂರು ಬಾರಿ ಒಂದೊಂದು ಗಂಟೆ ಎಲ್ಲರೂ ಕೂಡಿ ಕೂರುವ ನಿಯಮವಿದೆ. ಶಿಬಿರ ಮುಗಿಸಿದವರು ತಮ್ಮ ಊರುಗಳಲ್ಲಿ ವಾರಕ್ಕೊಮ್ಮೆ ಸೇರುವಂತೆ ಸಲಹೆ ಮಾಡಲಾಗುತ್ತದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ರೂಪಿಸಿದ, ಈಗ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಎಂಟು ವಾರಗಳ ತರಬೇತಿಯೂ ನೋವಿನಿಂದ ಬಳಲುವವರ ಗುಂಪುಗಳಲ್ಲಿಯೇ ಬೆಳೆಯಿತು. 2015ರಿಂದ ಜೂನ್ 21ರಂದು ಆಚರಿಸಲಾಗುತ್ತಿರುವ ಅಂತರರಾಷ್ಟ್ರೀಯ ಯೋಗ ದಿನ ಶಾಲೆಯ ಮೈದಾನವನ್ನೂ ತಾಲ್ಲೂಕು ಕಚೇರಿಯ ಅಂಗಳವನ್ನೂ ಇದೇ ಸಾಲಿಗೆ ಸೇರಿಸಿತು.

ಹೊಸ ಧ್ಯಾನಕೂಟಗಳನ್ನು ಈ ಸೀಮೆಯ ಹಳೆಯ ಕೂಟಗಳ ಪಕ್ಕದಲ್ಲಿಟ್ಟರೆ ಹೋಲಿಕೆ ಮತ್ತು ವ್ಯತ್ಯಾಸ ಎರಡೂ ಸ್ಪಷ್ಟವಾಗುತ್ತವೆ. ಉಸಿರಿನ ಮೇಲಿನ ಗಮನ ನಾಥರಿಗೂ, ಗೊತ್ತಾದ ಅವಧಿಯವರೆಗೆ ಅಲುಗದಿರುವ ಸಂಕಲ್ಪ ಜೈನ ಶ್ರಾವಕರಿಗೂ, ಒಳಗಿನ ಅನುಭವವನ್ನು ಒಡನಾಡಿಗಳ ಮುಂದಿಡುವ ರೂಢಿ ಶರಣರಿಗೂ ಪರಿಚಿತವಾಗಿತ್ತು. ವ್ಯತ್ಯಾಸವಿರುವುದು ಆಸರೆ ಮತ್ತು ಪ್ರವೇಶಗಳಲ್ಲಿ. ಹಳೆಯ ಕೂಟಕ್ಕೆ ದತ್ತಿಯ ಭೂಮಿ, ಅಡುಗೆಯ ಒಲೆ, ವಂಶದ ಹೊಣೆ ಇದ್ದವು. ಆದ್ದರಿಂದ ಅದು ಶತಮಾನಗಳವರೆಗೆ ಬಾಳಿತು, ಅದೇ ಕಾರಣಕ್ಕೆ ಅದರ ಬಾಗಿಲು ಕಿರಿದೂ ಆಯಿತು. ಹೊಸ ಕೂಟದ ಬಾಗಿಲು ತತ್ವದಲ್ಲಿ ಎಲ್ಲರಿಗೂ ತೆರೆದಿದೆ. ಆದರೆ ಸದಸ್ಯರ ಬಿಡುವನ್ನೇ ನಂಬಿದ ಅದಕ್ಕೆ, ಕಲಿಸುವವರು ಊರು ಬಿಟ್ಟ ಮೇಲೆ ಹೊಣೆ ಹೊರುವವರನ್ನು ಹುಡುಕುವುದೇ ಕಷ್ಟ. ಈ ಎರಡು ಗುಣಗಳನ್ನೂ ಒಂದು ಮಟ್ಟಿಗೆ ಹೊಂದಿಸಿದವು ತತ್ವಪದದ ಕೂಟಗಳು ಮಾತ್ರ. ದತ್ತಿಯಿಲ್ಲದೆ, ಎಲ್ಲರೂ ತಂದದ್ದನ್ನು ಒಟ್ಟು ಮಾಡಿ ಬೇಯಿಸಿ, ಉಪದೇಶ ಪಡೆದ ಪ್ರತಿಯೊಬ್ಬರಿಗೂ ಹಾಡುವ ಸರದಿ ಕೊಟ್ಟು ಅವು ಉಳಿದುಬಂದವು. ಸಾಮೂಹಿಕ ಧ್ಯಾನದ ಬಾಳಿಕೆಯನ್ನು ಅರಿಯಬಯಸುವವರು ಬೆಟ್ಟದ ಯೋಗಿಗಳ ಕಥೆಗಳಿಗಿಂತ ಹೆಚ್ಚಾಗಿ ಈ ಭಜನೆಮನೆಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಬೇಕಾಗಿದೆ.