ಧಡಂ ಅಂದ್ರ ಎದ್ದು ನಿಂದ್ರಬ್ಯಾಡ್ರಿ

ಹೋದ ಐತಾರ ಅಫಜಲಪುರದಿಂದ ಅಕ್ಕ ಬಂದಿದ್ಲು. ಇಬ್ಬರೂ ಪಡಸಾಲ್ಯಾಗ ಕುಂತು ತೊಗರಿಬ್ಯಾಳಿ ಹಸನ ಮಾಡ್ಲಕತ್ತಿದ್ವಿ. ಒಳಗಿನ ಖೋಲ್ಯಾಗಿಂದ ಧಡಂ ಅಂತ ಸಪ್ಪಳ ಬಂತು. ಅಕ್ಕ ಗಾಬ್ರಿಯಾಗಿ ಎದ್ದೇ ನಿಂತ್ಲು. "ಏನಿಲ್ಲ, ಕುಂದ್ರಕ್ಕ. ನಮ್ಮ ಹುಡುಗಿ ವಿಮಾನ ಕೆಡವ್ಯಾಳ. ಮುಂಜಾನಿಂದ ಇದು ನಾಕನೇದು" ಅಂದೆ.

ನಮ್ಮ ಹುಡುಗಿ ಪಿಯುಸಿ ಎರಡನೇ ವರ್ಷದಾಗ ಇದ್ದಾಳ. ಅವರ ಮಾಮ ಕೊಟ್ಟ ಕಂಪ್ಯೂಟರಿಗಿ, ಹಬ್ಬದ ರೊಕ್ಕ ಕೂಡಿಸಿ ತಂದ ಜಾಯ್‌ಸ್ಟಿಕ್ ಹಚ್ಚಿಕೊಂಡು ಯುದ್ಧವಿಮಾನ ಹಾರಸೋದು ಕಲೀಲಕತ್ತಾಳ. ಇದಕ್ಕ ಸಿಮ್ಯುಲೇಟರ್ ಅಂತಾರ. ಪರದಿ ಮ್ಯಾಗ ಖರೇ ವಿಮಾನದ್ದೇ ಗಡಿಯಾರ, ಸ್ವಿಚ್ಚು, ಓಡೋ ದಾರಿ ಎಲ್ಲಾ ಕಾಣ್ತಾವ. ಅಕ್ಕ ನೋಡಿದ್ಲು, ಹೊರಗ ಬಂದು, "ಪರೀಕ್ಷಾ ಹತ್ತಿರ ಬಂದದ, ಹುಡುಗಿ ಆಟ ಆಡ್ತದ, ನೀ ಬ್ಯಾಳಿ ಹಸನ ಮಾಡ್ಕೋತ ಕುಂತಿ" ಅಂದ್ಲು. ನನಗ ಉತ್ತರ ಕೊಡ್ಲಾಕ ಬರ್ಲಿಲ್ಲ. ಆಮ್ಯಾಗ ಮಗಳಿಗಿ ಕೇಳಿ, ಓದಿ ತಿಳಕೊಂಡಿದ್ದು ಇಲ್ಲಿ ಬರ್ದೀನಿ. ಅಕ್ಕ, ಇದು ನಿನಗ.

ಈ ಸಿಮ್ಯುಲೇಟರ್ ಹುಟ್ಟಿದ್ದು ಕಂಪ್ಯೂಟರಿನಿಂದ ಅಲ್ರೆವ್ವಾ, ಪೇಟಿಯಿಂದ. ಭಜನಿಗಿ ಬಾರಸ್ತಾರಲ್ಲ, ಆ ಪೇಟಿಗಿ ಆರ್ಗನ್ ಅನ್ನೋ ದೊಡ್ಡ ವಾದ್ಯ ಅಣ್ಣ ಇದ್ದಂಗ. ಅಮೆರಿಕಾದ ಬಿಂಗ್‌ಹ್ಯಾಮ್ಟನ್ ಊರಾಗ ಎಡ್ವಿನ್ ಲಿಂಕ್ ಅನ್ನೋನ ಅಪ್ಪ ಆರ್ಗನ್, ಪಿಯಾನೋ ಮಾಡೋ ಕಾರಖಾನಿ ಇಟ್ಟಿದ್ದ. ಮಗನಿಗಿ ವಿಮಾನದ ಹುಚ್ಚು. 1920ರಾಗ ಮೊದಲನೇ ಪಾಠಕ್ಕ 50 ಡಾಲರ್ ಕೊಟ್ಟ. ಆ ಕಾಲಕ್ಕ ಅದು ಭಾಳ ರೊಕ್ಕ. ಕಲಿಸೋ ಮನಷ್ಯಾ ಮ್ಯಾಲ ಹಾರಿಸಿ ಪಲ್ಟಿ ಹೊಡದು ತೋರಿಸಿದ, ಹುಡುಗನ ಕೈಗಿ ಹಿಡಿಕಿ ಮುಟ್ಲಾಕ ಸೈತ ಕೊಡ್ಲಿಲ್ಲ.

ಲಿಂಕ್ ಸುಮ್ನ ಕುಂದ್ರಲಿಲ್ಲ. ಅಪ್ಪನ ಕಾರಖಾನಿ ನೆಲಮಾಳಿಗ್ಯಾಗ ಕುಂತು, 1929ರ ಹೊತ್ತಿಗಿ ಕಟಗಿ ಡಬ್ಬಿಯಂಥ ಒಂದು ಸಣ್ಣ ವಿಮಾನ ಮಾಡಿದ. ಆರ್ಗನ್ನಿಗಿ ಗಾಳಿ ಊದೋ ತಿದಿಗೋಳನ್ನೇ ಅದರ ತೆಳಗ ಕೂಡಿಸಿದ. ಒಳಗ ಕುಂತು ಹಿಡಿಕಿ ತಿರುವಿದ್ರ, ಒಂದು ತಿದಿ ಉಬ್ಬಿ ಇನ್ನೊಂದು ಕುಗ್ಗಿ, ಡಬ್ಬಿ ಎಡಕ್ಕ ಬಲಕ್ಕ ವಾಲ್ತಿತ್ತು. ನೆಲ ಬಿಡ್ತಿದ್ದಿಲ್ಲ, ಆದ್ರ ಹಾರೋ ರೂಢಿ ಕೈಗಿ ಹತ್ತತಿತ್ತು.

ನೋಡಿದ ಮಂದಿ ಅಕ್ಕ ಅಂದಂಗೇ ಅಂದ್ರು: ಇದು ಆಟದ ಸಾಮಾನ. ಜಾತ್ರ್ಯಾಗಿನ ತೊಟ್ಟಿಲದಂಗ ಮನರಂಜನಿ ಪಾರ್ಕಿನವರೇ ಮೊದಲು ಕೊಂಡ್ರು. 1934ರಾಗ ಅಮೆರಿಕಾ ಸರಕಾರ ಟಪಾಲು ಒಯ್ಯೋ ಕೆಲಸ ಸೈನ್ಯದ ಪೈಲಟರಿಗಿ ಹಚ್ಚಿತು. ಥಂಡಿ, ಮಂಜು, ರಾತ್ರಿ. ಕಣ್ಣಿಗಿ ಏನೂ ಕಾಣದಾಗ ಬರೇ ಗಡಿಯಾರ ನೋಡಿ ಹಾರಿಸೋದು ಅವರಿಗಿ ಬರ್ತಿದ್ದಿಲ್ಲ. ಕೆಲವೇ ವಾರದಾಗ ಹತ್ತಕ್ಕಿಂತ ಹೆಚ್ಚು ಪೈಲಟರು ಸತ್ರು. ಆವಾಗ ಸೈನ್ಯ ಲಿಂಕ್‌ನ ಆರು ಡಬ್ಬಿ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗಿ ಸುಮಾರು ಐದು ಲಕ್ಷ ಮಂದಿ ಆ ಡಬ್ಬ್ಯಾಗ ಕಲತಿದ್ರು.

ಮುಂದ ಕಂಪ್ಯೂಟರ್ ಬಂತು. ಬ್ರೂಸ್ ಆರ್ಟ್‌ವಿಕ್ ಅನ್ನೋರು ಮನಿ ಕಂಪ್ಯೂಟರಿಗಿ ವಿಮಾನ ಹಾರಸೋ ಪ್ರೋಗ್ರಾಂ ಬರದ್ರು; 1982ರಾಗ ಮೈಕ್ರೋಸಾಫ್ಟ್ ಅದನ್ನ ಮಾರಲಾಕ ಸುರು ಮಾಡ್ತು. ಲಿಂಕ್‌ನ ಡಬ್ಬಿ ನಮ್ಮ ಆಳಂದದ ಖೋಲಿಗಿ ಮುಟ್ಟಿದ್ದು ಈ ದಾರೀಲೇ.

ಅದೇ 1982ರಾಗ ನಮ್ಮ ದೇಶದಾಗ ಇನ್ನೊಂದು ಮಾತು ನಡದಿತ್ತು. ನಮ್ಮ ಹುಡುಗರು ಬೆಂಗಳೂರಾಗ ತಯಾರಾದ ಕಿರಣ ಅನ್ನೋ ಸಾವಕಾಶ ಹಾರೋ ವಿಮಾನದಾಗ ಕಲತು, ಆಮ್ಯಾಗ ಮಿಗ್-21 ಏರ್ತಿದ್ರು. ಮಿಗ್ ನೆಲಕ್ಕ ಇಳಿಯೋದೇ ತಾಸಿಗಿ 300 ಕಿಲೋಮೀಟರಿಗಿಂತ ಹೆಚ್ಚಿನ ಓಟದಾಗ. ಸೈಕಲ್ ಕಲತವನ ಕೈಗಿ ಎಕ್‌ದಮ್ ಲಾರಿ ಕೊಟ್ಟಂಗ. ಅಪಘಾತದ ಕಾರಣ ಹುಡುಕಲಾಕ ನೇಮಿಸಿದ ಲಾ ಫಾಂಟೇನ್ ಸಮಿತಿ, ನಡುವ ಒಂದು ಮೆಟ್ಟಿಲ ಬೇಕು, ಕಲೀಲಾಕ ಒಂದು ಜೆಟ್ ವಿಮಾನ ಬೇಕು ಅಂತ ಹೇಳಿತು. 66 ಹಾಕ್ ವಿಮಾನಕ್ಕ ಬ್ರಿಟನ್ ಜೊತಿ ಒಪ್ಪಂದ ಆಗಿದ್ದು 2004ರಾಗ. ವಿಮಾನ ಬಂದು ಬೀದರದಾಗ ಸೇವಾಕ್ಕ ಸೇರಿದ್ದು 2008ರ ಫೆಬ್ರುವರಿಯೊಳಗ. ಇಪ್ಪತ್ತಾರು ವರ್ಷ ಆಯ್ತು. ಆ ವರ್ಷ ಹುಟ್ಟಿದ ಕೂಸು ತಾನೇ ತಾಯಿ ಆಗುವಷ್ಟು ಹೊತ್ತು.

ಆ ಹೊತ್ತಿನ್ಯಾಗ ಎಷ್ಟೋ ತಾಯಂದಿರು ಮಕ್ಕಳನ್ನ ಕಳಕೊಂಡ್ರು. 2001ರಾಗ ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್ ಅನ್ನೋ ಪೈಲಟ್ ರಾಜಸ್ಥಾನದಾಗ ಮಿಗ್-21 ಬಿದ್ದು ತೀರಿಕೊಂಡ. ತಪ್ಪು ಅವನದೇ ಅಂದ್ರು. ಅವನ ತಾಯಿ ಕವಿತಾ ಗಾಡ್ಗೀಳ್ ಮಗನ ಮ್ಯಾಲಿನ ಆ ಮಾತು ತಗಸಲಾಕ ವರ್ಷಗಟ್ಟಲೆ ಹೋರಾಡಿದ್ರು, ಮಗನ ಹೆಸರಲೆ ವಿಮಾನ ಸುರಕ್ಷತಾದ ಸಂಸ್ಥಾ ಕಟ್ಟಿದ್ರು. ಇದನ್ನ ಓದಿದ ರಾತ್ರಿ ನನಗ ನಿದ್ದಿ ಬರ್ಲಿಲ್ಲ.

ಬೀದರ ನಮಗ ದೂರಿಲ್ಲ. ನಾನಕ ಝರಾಕ್ಕೋ, ಕೋಟಿ ನೋಡ್ಲಾಕೋ ಹೋದಾಗ ತಲಿ ಮ್ಯಾಗ ಸರ್ ಅಂತ ಹೋಗೋ ವಿಮಾನ ನೀವೂ ನೋಡೀರಿ. ಅವು ಆ ಹಾಕ್. 2016ರ ಜೂನ್ 18ಕ್ಕ ಹೈದರಾಬಾದ್ ಹತ್ತಿರ ದುಂಡಿಗಲ್‌ದಾಗ ದೇಶದ ಮೊದಲನೇ ಮೂರು ಹೆಣ್ಣುಮಕ್ಕಳು ಯುದ್ಧವಿಮಾನದ ವಿಭಾಗಕ್ಕ ಸೇರಿದ್ರು: ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. ಮುಂದಿನ ತರಬೇತಿಗಿ ಬಂದಿದ್ದು ನಮ್ಮ ಬೀದರಕ್ಕೇ. 2018ರ ಫೆಬ್ರುವರಿ 19ಕ್ಕ ಅವನಿ ಒಬ್ಬಾಕಿನೇ ಮಿಗ್-21 ಹಾರಿಸಿ ಬಂದ್ಲು. ಅದೇ ವರ್ಷ ಚಿಕ್ಕಮಗಳೂರು ಕಡಿ ಮೇಘನಾ ಶಾನಭೋಗ ಸೈತ ಯುದ್ಧವಿಮಾನದ ಪೈಲಟ್ ಆದ್ಲು. 2021ರಾಗ ಸುಪ್ರೀಂ ಕೋರ್ಟಿನ ಆದೇಶದಿಂದ ಎನ್‌ಡಿಎ ಪರೀಕ್ಷಾದ ಬಾಗಿಲವೂ ಹುಡುಗಿಯರಿಗಿ ತೆರೀತು. 2025ರ ಮೇದಾಗ ಅಲ್ಲಿಂದ ಮೊದಲನೇ 17 ಮಂದಿ ಹೊರಗ ಬಂದ್ರು. ನಮ್ಮಾಕಿ ಬರೀಬೇಕಂತಿರೋದು ಅದೇ ಪರೀಕ್ಷಾ. ವಾಯುಸೇನಾಕ್ಕ ಗಣಿತ, ಭೌತಶಾಸ್ತ್ರ ಬೇಕೇ ಬೇಕಂತ. ಅದಕ್ಕ ಪುಸ್ತಕ ಬಿಟ್ಟಿಲ್ಲ, ಅಕ್ಕ.

ಈಗ ಆಕಿ ಕಲೀಲಕತ್ತಿದ್ದೂ ಮಿಗ್-21ನೇ. ಇಳಿಸೋ ಮುಂದ ಎಂಜಿನ್ ತಟ್ನೆ ಕಡಿಮಿ ಮಾಡಿದ್ರ ವಿಮಾನ ಕಲ್ಲು ಬಿದ್ದಂಗ ಬೀಳ್ತದ. ಚಕ್ರ ನೆಲಕ್ಕ ಮುಟ್ಟೋ ತನಕ ಜೋರು ಹಿಡದೇ ಇರಬೇಕು. ಹೆದರಿದ ಕೈ ಮೊದಲು ಕಡಿಮಿ ಮಾಡ್ತದ, ಧಡಂ. ಮನಿ ಸಿಮ್ಯುಲೇಟರ್ ಎಲ್ಲಾ ಕಲಸಂಗಿಲ್ಲ. ಖರೇ ವಿಮಾನ ಹೊಳ್ಳೋ ಮುಂದ ಮೈ ಐದಾರು ಪಟ್ಟು ಭಾರ ಆಗ್ತದ, ನೆತ್ತರ ಕಾಲಿಗಿ ಇಳದು ಕಣ್ಣಿಗಿ ಕತ್ತಲಿ ಬರ್ತದ. ಕುರ್ಚಿ ಮ್ಯಾಗ ಕುಂತವರಿಗಿ ಅದು ಗೊತ್ತಾಗಂಗಿಲ್ಲ. ಆದ್ರ ಯಾವ ಕೈ ಯಾವಾಗ ಎಲ್ಲಿ ಹೋಗಬೇಕಂತ ಬೆರಳಿಗಿ ತಿಳೀತದ. ಮುಖ್ಯ ಅಂದ್ರ, ಬಿದ್ದು ಮತ್ತ ಏಳಲಾಕ ಬರ್ತದ.

ನಾ ಸಣ್ಣಾಕಿ ಇದ್ದಾಗ ಜೇವರ್ಗಿ ತವರಮನ್ಯಾಗ ಅಣ್ಣನ ಸೈಕಲ್ ಒಮ್ಮಿ ಹತ್ತಿದ್ದೆ. ಬಿದ್ದು ಮೊಣಕಾಲು ಕೆತ್ತಿತ್ತು. ಅವ್ವ ಸೈಕಲಿಗಿ ಕೀಲಿ ಹಾಕಿದ್ಲು, "ಹೆಣ್ಣುಹುಡುಗಿ ಕಾಲು ಮುರಕೊಂಡ್ರ ಯಾರು ಮಾಡ್ಕೋತಾರ" ಅಂತ. ಅಕ್ಕ, ಕೀಲಿ ತಂದು ಕೊಟ್ಟಾಕಿ ನೀನೇ. ಸಿಟ್ಟಿಲ್ಲ, ಆವಾಗ ನೀನೂ ಸಣ್ಣಾಕಿ. ಆದ್ರ ಇವತ್ತಿಗೂ ನಾ ಬಸ್ ಸ್ಟ್ಯಾಂಡಿಗಿ ಹೋಗಬೇಕಂದ್ರ ಯಾರರೆ ಬಿಡಲಾಕ ಬರಬೇಕು.

ಹೆದರಿಕಿ ಇಲ್ಲೇನು ಅಂದ್ರ, ಅದ. ಆ ತಾಯಿ ಕತಿ ಓದಿದ ಮ್ಯಾಗ ಇನ್ನೂ ಹೆಚ್ಚಾಗ್ಯದ. ಅದಕ್ಕೇ ಆಕಿ ಬೀಳೋದೆಲ್ಲಾ ಈ ಖೋಲ್ಯಾಗೇ ಬಿದ್ದು ಮುಗೀಲಿ ಅಂತೀನಿ.

ಮೊನ್ನಿ ರಾತ್ರಿ ಚಕ್ರ ಇನ್ನೇನು ನೆಲಕ್ಕ ಹತ್ತಬೇಕು, ಕರೆಂಟ್ ಹೋಯ್ತು. "ಅವ್ವಾ, ಇದು ನನ್ನ ತಪ್ಪಲ್ಲ" ಅಂತ ಕತ್ತಲದಾಗಿಂದ ಕೂಗಿದ್ಲು. ಮುಂಜಾನಿ ಎದ್ದು ಮತ್ತ ಕುಂತಾಳ. ಐತಾರಕ್ಕ ಸಾಲಿ ಬಯಲಾಗ ನನಗ ಸ್ಕೂಟಿ ಕಲಸ್ತೀನಿ ಅಂದಾಳ. ಹೂಂ ಅಂದೀನಿ. ಅಕ್ಕ, ನೀನೂ ಬಾ, ಹಿಂದ ಹಿಡಕೊಳ್ಳಾಕ ಒಬ್ಬರು ಬೇಕು.