ಬರದ ನಾಡು ಬರೆಸಿದ ಕಾಯಿದೆ



ಸರಕಾರದ ಯೋಜನೆ ಎಂದರೆ ಮುಂಬಯಿಯಲ್ಲೋ ದಿಲ್ಲಿಯಲ್ಲೋ ಕುಳಿತವರು ಬರೆದು ಕಳಿಸುವ ಕಾಗದ ಎಂದೇ ನಮ್ಮ ಎಣಿಕೆ. ಆದರೆ ದೇಶಕ್ಕೇ ದಾರಿ ತೋರಿದ ಒಂದು ಯೋಜನೆ ಜತ್ತ, ಸೊಲ್ಲಾಪುರದ ನೆರೆಯಲ್ಲೇ ಮೊಳೆಯಿತು. ನಮ್ಮ ಹಿರಿಯರ ಬಾಯಲ್ಲಿ ಅದು 'ರೋಜಗಾರ ಹಮಿ'. ಎಂದರೆ ಉದ್ಯೋಗದ ಖಾತರಿ.

ಇದರ ಮೂಲಪುರುಷರು ವಿ. ಸ. ಪಾಗೆ, ಆಗಿನ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳು. ಕೇಳಿದವರಿಗೆಲ್ಲ ಕೆಲಸ ಕೊಡಲು ಸಾಧ್ಯವೇ ಎಂಬುದನ್ನು 1965ರಲ್ಲಿ ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಮೊದಲು ಮಾಡಿ ನೋಡಲಾಯಿತು. ಮೊದಲು ಊರು, ಆಮೇಲೆ ರಾಜ್ಯ. ಯೋಜನೆ ಕಟ್ಟುವ ಸರಿಯಾದ ಕ್ರಮ ಇದು.

1972ರಲ್ಲಿ ಯೋಜನೆ ರಾಜ್ಯಕ್ಕೆ ಹಬ್ಬುವ ಹೊತ್ತಿಗೇ ಭೀಕರ ಬರ ಬಿತ್ತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುತ್ತಿದ್ದರು, ಖಡಿ ಒಡೆಯುತ್ತಿದ್ದರು. ಬಡವನು ಬೇಡುವುದು ದಾನವನ್ನಲ್ಲ, ದುಡಿಮೆಯನ್ನು ಎಂಬುದು ಆಗ ಎಲ್ಲರಿಗೂ ಕಂಡಿತು.

ಹಣ ಎಲ್ಲಿಂದ? 1975ರಲ್ಲಿ ನೌಕರದಾರರ, ವ್ಯಾಪಾರಿಗಳ ಮೇಲೆ ವೃತ್ತಿ ತೆರಿಗೆ ಹಾಕಿದರು. ಈ ಯೋಜನೆಗಾಗಿ ಬಂದ ತೆರಿಗೆಯಷ್ಟೇ ಹಣವನ್ನು ಸರಕಾರವೂ ಕೂಡಿಸಬೇಕೆಂದು ಗೊತ್ತುಮಾಡಿದರು. ಪೇಟೆಯ ದುಡ್ಡು ಹಳ್ಳಿಯ ಕೂಲಿಯಾಯಿತು.

1977ರಲ್ಲಿ ಕಾಯಿದೆ ಆಯಿತು. 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದ 15 ದಿನಗಳೊಳಗೆ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಗಂಡಿಗೂ ಹೆಣ್ಣಿಗೂ ಒಂದೇ ದರ. ಕೆರೆ, ಬದು, ರಸ್ತೆಯ ಕಾಮಗಾರಿಗಳ ಅಂದಾಜು ಪತ್ರಿಕೆ ಮೊದಲೇ ಸಿದ್ಧವಿರಬೇಕು. 1990ರಿಂದ ಹಣ್ಣಿನ ತೋಟಗಳನ್ನೂ ಇದಕ್ಕೆ ಜೋಡಿಸಿದರು. ಸೊಲ್ಲಾಪುರ ಸೀಮೆಯ ಒಣಭೂಮಿಯಲ್ಲಿ ದಾಳಿಂಬೆ ಹಬ್ಬಲು ಅದೂ ನೆರವಾಯಿತು.

ಎಲ್ಲವೂ ಸರಿಯಿತ್ತೆಂದಲ್ಲ. ನಿರುದ್ಯೋಗ ಭತ್ಯೆ ಕೈಗೆ ಬಂದವರು ಬಹಳ ವಿರಳ. ಕಾರಣವೂ ಯೋಜನೆಯೊಳಗೇ ಇತ್ತು. ಬರವಣಿಗೆಯಲ್ಲಿ ಅರ್ಜಿ ಕೊಟ್ಟವರಿಗೆ ಮಾತ್ರ 15 ದಿನಗಳ ಲೆಕ್ಕ. ಅಕ್ಷರ ಬಾರದವರು, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದಿದ್ದವರು ಬಾಯಿಮಾತಿನಲ್ಲಿ ಕೇಳಿ ಬಂದರೆ, ಆ ಕೇಳಿಕೆಗೆ ಗುರುತೇ ಉಳಿಯುತ್ತಿರಲಿಲ್ಲ.

2005ರಲ್ಲಿ ದೇಶದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ರೂಪುಗೊಂಡಾಗ ಈ ಅನುಭವವೇ ಮಾದರಿಯಾಯಿತು. ಅದರಲ್ಲಿ ಅರ್ಜಿಗೆ ದಿನಾಂಕ ಹಾಕಿದ ಪಾವತಿ ಕೊಡಬೇಕೆಂಬ ಮಾತೂ ಸೇರಿತು.

ಬಂಧುಗಳೇ, ಯೋಜನೆಯ ಹೆಸರು ಬದಲಾಗಬಹುದು, ನಿಯಮ ಬದಲಾಗಬಹುದು. ನೀವು ಯಾವ ಕಚೇರಿಗೆ ಅರ್ಜಿ ಕೊಟ್ಟರೂ ದಿನಾಂಕ ಹಾಕಿದ ಪಾವತಿ ಕೇಳಿ ಪಡೆಯಿರಿ. ಕಾಯಿದೆ ಬರೆದವರ ಕೆಲಸ ಅಲ್ಲಿಗೆ ಮುಗಿಯಿತು. ನಮ್ಮದು ಅಲ್ಲಿಂದ ಶುರು.