ವರಾಛಾದ ವಜ್ರ ಮತ್ತು ‘ಚೂರೇ ಚೂರು’ ಎಂಬ ಅಳತೆ

ಸೂರತ್ತಿನ ವರಾಛಾ ರಸ್ತೆಯ ಕಾರ್ಖಾನೆಗಳಿಗೆ ಬರುವ ಕಚ್ಚಾ ವಜ್ರ ನೋಡಲು ಮಂಕು ಗಾಜಿನ ಚೂರಿನಂತಿರುತ್ತದೆ. ಸಾಣೆಗೆ ಕೊಡುವ ಮೊದಲು ಯಾರಾದರೂ ತೀರ್ಮಾನಿಸಬೇಕು: ಎಲ್ಲಿ ಕತ್ತರಿಸುವುದು, ಒಂದು ಹರಳು ತೆಗೆಯುವುದೋ ಎರಡೋ, ಒಳಗಿನ ಕಲೆಯನ್ನು ಉಳಿಸುವುದೋ ಕಳೆಯುವುದೋ. ಅರ್ಧಕ್ಕಿಂತ ಹೆಚ್ಚು ತೂಕ ಪುಡಿಯಾಗಿ ಹೋಗುವುದು ಸಾಮಾನ್ಯ. ಒಮ್ಮೆ ಕತ್ತರಿಸಿದರೆ ಮತ್ತೆ ಕೂಡಿಸಲಾಗದು. ಬಹುಕಾಲ ಈ ತೀರ್ಮಾನ ಭೂತಗನ್ನಡಿ ಹಿಡಿದ ಅನುಭವಿಗಳದು. ಹರಳಿನ ಮೇಲೆ ಅವರು ಮಸಿಯಲ್ಲಿ ಗೆರೆ ಎಳೆಯುತ್ತಿದ್ದರು.

ಗಣಿತ ಇಲ್ಲಿಗೆ ತಡವಾಗಿ ಬಂತು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ದುಂಡು ವಜ್ರ ಚೆನ್ನಾಗಿ ಹೊಳೆಯಬೇಕಾದರೆ ಕೋನಗಳು ಎಷ್ಟಿರಬೇಕೆಂದು ಲೆಕ್ಕ ಹಾಕಿದ. ಆದರೆ ವ್ಯಾಪಾರಿಗೆ ಬೇಕಾದದ್ದು ಹೊಳಪಷ್ಟೇ ಅಲ್ಲ, ಬೆಲೆ. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: 0.99 ಕ್ಯಾರೆಟ್‌ಗೂ 1 ಕ್ಯಾರೆಟ್‌ಗೂ ಕಣ್ಣಿಗೆ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ದೊಡ್ಡ ನೆಗೆತ. ಇಳಿಜಾರು ನೋಡಿಕೊಂಡು ಶಿಖರ ಹುಡುಕುವ ಹಳೆಯ ಗಣಿತ ಮೆಟ್ಟಿಲುಗಳ ನಡುವೆ ಎಡವುತ್ತದೆ.

ಇಂಥ ಸಮಸ್ಯೆಗಳಿಗೆಂದೇ ಬೇರೆ ಜಾತಿಯ ಉಪಾಯಗಳು ಹುಟ್ಟಿದವು. ಜಾನ್ ಹಾಲೆಂಡ್ 1975ರ ಪುಸ್ತಕದಲ್ಲಿ ಜೀವವಿಕಾಸವನ್ನು ಅನುಸರಿಸಿ ಉತ್ತರಗಳನ್ನು ಬೆರೆಸಿ, ಬದಲಿಸಿ, ಆಯ್ದುಕೊಳ್ಳುವ ದಾರಿ ತೋರಿಸಿದ. 1983ರಲ್ಲಿ ಐಬಿಎಂ ಸಂಶೋಧಕರು ಕಾದ ಲೋಹ ನಿಧಾನವಾಗಿ ಆರುವುದನ್ನು ನೋಡಿ ಮತ್ತೊಂದು ದಾರಿ ಹಿಡಿದರು. ಇವು ಅತ್ಯುತ್ತಮ ಉತ್ತರದ ಭರವಸೆ ಕೊಡುವುದಿಲ್ಲ. ಸಾಕಷ್ಟು ಒಳ್ಳೆಯದನ್ನು ಬೇಗ ಹುಡುಕಿಕೊಡುತ್ತವೆ.

ಭಾಷೆಯ ವಿದ್ಯಾರ್ಥಿಗಳಿಗೆ ಹತ್ತಿರವಾದವನು ಲೋಟ್ಫಿ ಝಾದೆ. 1965ರಲ್ಲಿ ಅವನು ಮಂಡಿಸಿದ ಫಝಿ ಗಣಗಳಲ್ಲಿ ಒಂದು ವಸ್ತು ಗುಂಪಿಗೆ 0.8ರಷ್ಟು ಸೇರಿರಬಹುದು. ‘ತುಂಬಾ’ ಎಂಬ ಪದವನ್ನೂ ಅವನು ಲೆಕ್ಕಕ್ಕೆ ತಂದ: ಸಂಖ್ಯೆಯನ್ನು ಅದರಿಂದಲೇ ಗುಣಿಸು. 0.8 ಇದ್ದದ್ದು 0.64 ಆಗುತ್ತದೆ, ‘ತುಂಬಾ ತುಂಬಾ’ ಎಂದರೆ ಸುಮಾರು 0.41. ವಜ್ರದ ಮಾರುಕಟ್ಟೆ ಇದೇ ವ್ಯಾಕರಣವನ್ನು ಮೊದಲೇ ಬಳಸುತ್ತಿತ್ತು. ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ ಶ್ರೇಣಿಗಳಲ್ಲಿ ಎಸ್‌ಐ ಎಂದರೆ ಕೊಂಚ ಕಲೆ. ವಿಎಸ್ ಎಂದರೆ ತೀರಾ ಕೊಂಚ. ವಿವಿಎಸ್ ಎಂದರೆ ತೀರಾ ತೀರಾ ಕೊಂಚ. ನಾವು ‘ಚೂರು’, ‘ಚೂರೇ ಚೂರು’ ಅನ್ನುವ ಹಾಗೆಯೇ. ಆ ಒಂದು ‘ತೀರಾ’ಕ್ಕೆ ಬೆಲೆಯಿದೆ.

1988ರಲ್ಲಿ ಇಸ್ರೇಲಿನಲ್ಲಿ ಶುರುವಾದ ಸರೀನ್ ಕಂಪನಿಯ ಯಂತ್ರಗಳು ಮುಂದೆ ಸೂರತ್ತಿನಲ್ಲೂ ನೆಲೆಯೂರಿದವು. ಅವು ಹರಳಿನ ಆಕಾರ ಅಳೆದು, ಒಳಗಿನ ಕಲೆಗಳ ನಕ್ಷೆ ಬರೆದು, ಹಲವು ಯೋಜನೆಗಳನ್ನು ಬೆಲೆಯ ಸಮೇತ ತೆರೆಯ ಮೇಲೆ ಇಡುತ್ತವೆ. ಅನುಭವಿಯ ಕಣ್ಣು ಈಗ ಆ ಪಟ್ಟಿಯಿಂದ ಒಂದನ್ನು ಆರಿಸುತ್ತದೆ.

ಆದರೆ ಯಂತ್ರಕ್ಕೆ ಕೊಟ್ಟ ಬೆಲೆ ಇವತ್ತಿನದು. ಹರಳು ಮಾರಾಟವಾಗುವುದು ಮುಂದೆಂದೋ. ಹಾಗಾಗಿ ಪ್ರತಿ ‘ಅತ್ಯುತ್ತಮ’ ಯೋಜನೆಯೊಳಗೂ ಒಂದು ಮುನ್ಸೂಚನೆ ಅಡಗಿದೆ. 2008ರ ಕೊನೆಯಲ್ಲಿ ಅಮೆರಿಕದ ಬೇಡಿಕೆ ಕುಸಿದಾಗ ದೀಪಾವಳಿಗೆ ಮುಚ್ಚಿದ ಅನೇಕ ಕಾರ್ಖಾನೆಗಳು ಸಮಯಕ್ಕೆ ತೆರೆಯಲಿಲ್ಲ. ಅಮ್ರೇಲಿ, ಭಾವನಗರ ಕಡೆಯಿಂದ ಬಂದಿದ್ದ ಎಷ್ಟೋ ಕೆಲಸಗಾರರಿಗೆ ಊರೇ ಗತಿಯಾಯಿತು. ಹರಳಿಗಿಷ್ಟು ಎಂದು ಕೂಲಿ ಪಡೆಯುವವರಿಗೆ ಹರಳು ಬಾರದಿದ್ದರೆ ಕೂಲಿಯೂ ಇಲ್ಲ. ಕತ್ತರಿಸುವ ಲೆಕ್ಕ ಸರಿಯಾಗಿಯೇ ಇತ್ತು. ಬೆಲೆಯ ಊಹೆ ತಪ್ಪಿತ್ತು, ಅದರ ನಷ್ಟ ಬಿದ್ದದ್ದು ಊಹೆ ಮಾಡದವರ ಮೇಲೆ.